ಬಿಬಿಎ ಮಕ್ಕಳಿಗೆ ಅರ್ಧ ಪುಟದ ಕೇಸ್ ಸ್ಟಡಿ ಬರೆಯುವುದು ಹೇಗೆ? ಮಲ್ಲಿಗೆ ಬೆಳೆಗಾರ್ತಿಯ ಕಥೆ ಇಟ್ಟುಕೊಂಡಿದ್ದೇನೆ, ನೋಡಿ ಹೇಳಿ

ಕಟಪಾಡಿ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಉಡುಪಿ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಬಿಬಿಎ ಎರಡನೇ ವರ್ಷದವರಿಗೆ ಪಾಠ ಮಾಡುತ್ತೇನೆ. ಈ ಸೆಮಿಸ್ಟರ್‌ನಿಂದ ಇಂಟರ್ನಲ್ ಅಂಕಕ್ಕೆ ಸಣ್ಣ ಕೇಸ್ ಸ್ಟಡಿಗಳನ್ನು ಕೊಡುವುದು ಅಂತ ನಮ್ಮ ವಿಭಾಗದಲ್ಲಿ ಒಪ್ಪಿದ್ದೇವೆ. ಅರ್ಧ ಪುಟ, ಹೆಚ್ಚೆಂದರೆ ಒಂದು ಪುಟ. ಒಂದೇ ಪೀರಿಯಡ್‌ನಲ್ಲಿ ಓದಿ, ಮಾತಾಡಿ, ಉತ್ತರ ಬರೆದು ಮುಗಿಯಬೇಕು.

ಪಠ್ಯಪುಸ್ತಕದ ಕೇಸ್‌ಗಳು ನನಗೆ ಸಾಕಾಗಿವೆ. ಒಂದು ಅಮೆರಿಕದ ಕಾಫಿ ಅಂಗಡಿ, ಇನ್ನೊಂದು ಜಪಾನಿನ ಕಾರು ಕಂಪನಿ. ಉತ್ತರ ಇಂಟರ್ನೆಟ್‌ನಲ್ಲಿ ತಯಾರಾಗಿ ಕೂತಿರುತ್ತದೆ. ನಮ್ಮ ತರಗತಿಯಲ್ಲಿ ಮಲ್ಪೆಯ ಬೋಟಿನವರ ಮಕ್ಕಳಿದ್ದಾರೆ, ಹೋಟೆಲಿನವರ ಮಕ್ಕಳಿದ್ದಾರೆ, ಬೀಡಿ ಕಟ್ಟಿ ಓದಿಸುವ ತಾಯಂದಿರ ಮಕ್ಕಳಿದ್ದಾರೆ. ಸಾಲ, ಮುಂಗಡ, ಸೀಸನ್ ಅಂದರೆ ಏನು ಅಂತ ಇವರಿಗೆ ಮನೆಯಲ್ಲೇ ಗೊತ್ತಾಗಿದೆ. ಅದು ತರಗತಿಗೆ ಬರುವುದೇ ಇಲ್ಲ. ಆದ್ದರಿಂದ ನಮ್ಮ ಊರಿನದೇ ಕೇಸ್ ಬರೆಯಬೇಕು ಅಂತ ಕೂತಿದ್ದೇನೆ. ಮೊದಲನೆಯದು ಹೀಗಿದೆ (ನಮ್ಮ ನೆರೆಯವರದ್ದು, ಹೆಸರು ಬದಲಿಸಿದ್ದೇನೆ):

"ಲಲಿತಕ್ಕ ಶಂಕರಪುರದ ಮಲ್ಲಿಗೆ ಬೆಳೆಗಾರ್ತಿ. ಬಡತನದಲ್ಲಿ ಬೆಳೆದವರು. ಮದುವೆಯಾಗಿ ಬಂದ ಮೇಲೆ ಹಿತ್ತಲಲ್ಲಿ ನಾಲ್ಕಾರು ಗಿಡ ನೆಟ್ಟರು. ಶ್ರಮ, ಪ್ರಾಮಾಣಿಕತೆ ಮತ್ತು ಗುಣಮಟ್ಟದಿಂದ ಹೆಸರು ಗಳಿಸಿದರು. ಬೆಳಗಿನ ಜಾವ ಎದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಕಟ್ಟೆಗೆ (ಏಜೆಂಟರು ಹೂ ಕೊಳ್ಳುವ ಜಾಗ) ಕಳುಹಿಸುತ್ತಾರೆ. ಇದರಿಂದಲೇ ಇಬ್ಬರು ಮಕ್ಕಳನ್ನು ಓದಿಸಿದರು. ಉಡುಪಿ ಮಲ್ಲಿಗೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿರುವುದು ಅವರಿಗೆ ಹೆಮ್ಮೆ. ಈಚೆಗೆ ಮಂಗಳೂರಿನ ಒಂದು ಹೂವಿನಂಗಡಿಯವರು ವರ್ಷವಿಡೀ ಒಂದೇ ದರಕ್ಕೆ ಹೂ ಕೊಡುತ್ತೀರಾ ಎಂದು ಕೇಳಿದ್ದಾರೆ. ಪ್ರಶ್ನೆಗಳು: ಲಲಿತಕ್ಕನ ಯಶಸ್ಸಿಗೆ ಕಾರಣಗಳೇನು? ಅವರ ಮುಂದಿರುವ ಸವಾಲುಗಳನ್ನು ಗುರುತಿಸಿ."

ಇದರಲ್ಲಿ ಏನೋ ಕಮ್ಮಿ ಅನ್ನಿಸುತ್ತಿದೆ. ಎಷ್ಟು ಮಾಹಿತಿ ಕೊಡಬೇಕು? ಪ್ರಶ್ನೆ ಎಷ್ಟಿರಬೇಕು? ನಿಜವಾದ ಅಂಗಡಿ, ನಿಜವಾದ ಜನರ ಬಗ್ಗೆ ಬರೆಯುವಾಗ ಏನು ನೋಡಿಕೊಳ್ಳಬೇಕು? ಎಲ್ಲಕ್ಕಿಂತ ಮುಖ್ಯವಾಗಿ, ಅಂಕ ಹೇಗೆ ಹಾಕುವುದು? ಅನುಭವ ಇರುವವರು ದಯವಿಟ್ಟು ಹೇಳಿ.

---

ಜೆಪ್ಪು ಮೇಷ್ಟ್ರು ಬರೆದದ್ದು:

ಟೀಚರ್, ನಿಮ್ಮ ಕೇಸ್ ಕೊನೆಯ ಸಾಲಿನಲ್ಲಿ ಶುರುವಾಗುತ್ತದೆ. ಹೂವಿನಂಗಡಿಯವರು ಬಂದು ಕೇಳಿದರಲ್ಲ, ಅಲ್ಲಿ. ಅದಕ್ಕಿಂತ ಮೇಲೆ ಇರುವುದು ಸನ್ಮಾನ ಪತ್ರ. ಲಲಿತಕ್ಕನಂಥವರಿಗೆ ಸನ್ಮಾನ ಆಗಲೇಬೇಕು. ಆದರೆ ಸನ್ಮಾನ ಪತ್ರ ಓದಿದ ಹುಡುಗನಿಗೆ ಚಪ್ಪಾಳೆ ತಟ್ಟುವುದು ಬಿಟ್ಟು ಬೇರೆ ಕೆಲಸ ಉಳಿಯುವುದಿಲ್ಲ. "ಯಶಸ್ಸಿಗೆ ಕಾರಣಗಳೇನು" ಅಂತ ಕೇಳಿದರೆ ನೀವೇ ಬರೆದುಕೊಟ್ಟ "ಶ್ರಮ, ಪ್ರಾಮಾಣಿಕತೆ, ಗುಣಮಟ್ಟ" ಮೂರನ್ನೂ ತಿರುಗಿಸಿ ಬರೆದು ಕೊಡುತ್ತಾನೆ. ಅವನ ತಪ್ಪಲ್ಲ. ಪ್ರಶ್ನೆ ಕೇಳಿದ್ದೇ ಅಷ್ಟು.

ಮಂಗಳೂರಿನಲ್ಲಿ ಕಾಮರ್ಸ್ ಪಾಠ ಮಾಡಿ ನಿವೃತ್ತನಾದವನು ನಾನು. ಸಣ್ಣ ಕೇಸ್ ಬರೆಯುವುದು ನನಗೆ ಬಹಳ ಇಷ್ಟದ ಕೆಲಸ. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಕೇಸ್ ಅಂದರೆ ಒಬ್ಬರು ಒಂದು ತೀರ್ಮಾನದ ಎದುರು ನಿಂತಿರಬೇಕು. ತೀರ್ಮಾನ ಇನ್ನೂ ಆಗಿರಬಾರದು. ಇಷ್ಟು ದಿನದೊಳಗೆ ಹೇಳಲೇಬೇಕು ಅನ್ನುವ ಒತ್ತಡ ಇರಬೇಕು. ಇದಿದ್ದರೆ ಅರ್ಧ ಪುಟ ಧಾರಾಳ ಸಾಕು. ಇದಿಲ್ಲದಿದ್ದರೆ ಹತ್ತು ಪುಟ ಬರೆದರೂ ಕೇಸ್ ಆಗುವುದಿಲ್ಲ.

ಚಿಕ್ಕದು ಅಂತ ಕೀಳರಿಮೆ ಬೇಡ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಶುರುವಾದದ್ದು 1908ರಲ್ಲಿ. 1919ರಲ್ಲಿ ಡೀನ್ ಆಗಿ ಬಂದ ವ್ಯಾಲೇಸ್ ಡೋನಮ್ ಕಾನೂನು ಓದಿದವರು. ವಕೀಲಿಕೆ ಕಲಿಯುವವರು ಹಳೆಯ ಮೊಕದ್ದಮೆಗಳನ್ನು ಓದಿ ಕಲಿಯುವ ಹಾಗೆ ವ್ಯಾಪಾರವನ್ನೂ ಕಲಿಸಬಹುದು ಅಂತ ಅವರು ಹಿಡಿದರು. ಅಲ್ಲಿ ಬರೆದ ಮೊದಲ ಕೇಸ್ 1921ರದ್ದು, ಜನರಲ್ ಶೂ ಕಂಪನಿ ಅಂತ. ಇದ್ದದ್ದು ಒಂದೇ ಪುಟ! ಬೂಟಿನ ಕಾರ್ಖಾನೆಯ ಕೆಲಸಗಾರರು ಬಿಡುವ ಹೊತ್ತಿಗಿಂತ ಮುಕ್ಕಾಲು ಗಂಟೆ ಮೊದಲೇ ಕೆಲಸ ನಿಲ್ಲಿಸಿಬಿಡುತ್ತಿದ್ದರು. ಯಾಕಿರಬಹುದು, ಆಡಳಿತದವರು ಏನು ಮಾಡಬೇಕು? ಕೇಸ್ ಇಷ್ಟೇ. ಇವತ್ತು ಹತ್ತಾರು ಪುಟದ ಕೇಸ್‌ಗಳಿಗೆ ಹೆಸರಾದ ಶಾಲೆ ಹೊರಟದ್ದು ಇಲ್ಲಿಂದ. 1961ರಲ್ಲಿ ಶುರುವಾದ ಅಹಮದಾಬಾದಿನ ಐಐಎಂಗೂ ಈ ಪದ್ಧತಿ ಹಾರ್ವರ್ಡಿನ ಸಹಯೋಗದಲ್ಲೇ ಬಂತು.

ಇನ್ನು ನಮ್ಮ ಊರಿನ ವಿಷಯ. ನಮ್ಮ ಜಿಲ್ಲೆಗಳಲ್ಲಿ ಕೇಸ್‌ಗೆ ಬರಗಾಲ ಇಲ್ಲ. ಆದರೆ ನಾವು ಎಲ್ಲವನ್ನೂ ಸಾಧನೆಯ ಕಥೆಯಾಗಿಯೇ ಹೇಳಿಕೊಂಡು ಬಂದಿದ್ದೇವೆ. ಪಿಗ್ಮಿಯನ್ನೇ ತೆಗೆದುಕೊಳ್ಳಿ. ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿ ಹುಟ್ಟಿತು. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಕಟ್ಟಿದ್ದು, ಕೈಮಗ್ಗದ ನೇಕಾರರ ಕಷ್ಟ ನೋಡಿ. 1928ರಲ್ಲಿ ಪಿಗ್ಮಿ ಠೇವಣಿ ತಂದರು. ಏಜೆಂಟ್ ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ತೆಗೆದುಕೊಂಡು ಹೋಗುತ್ತಿದ್ದ. ಎಲ್ಲರಿಗೂ ಗೊತ್ತಿರುವ ಕಥೆ ಇದು. ಇದನ್ನು ಕೇಸ್ ಮಾಡಬೇಕಾದರೆ 1928ಕ್ಕೆ ಹೋಗಿ, ಯೋಜನೆ ಶುರುವಾಗುವ ಮೊದಲೇ ನಿಲ್ಲಿಸಬೇಕು. ದಿನಕ್ಕೆ ಎರಡಾಣೆ ಅಂದರೆ ತಿಂಗಳಿಗೆ 60 ಆಣೆ. ಆಗ ರೂಪಾಯಿಗೆ 16 ಆಣೆ. ಅಂದರೆ ಮೂರು ರೂಪಾಯಿ ಹನ್ನೆರಡಾಣೆ. ಅಷ್ಟು ಹಣ ಒಟ್ಟುಗೂಡಿಸಲು ಒಂದೇ ಮನೆಗೆ 30 ಸಲ ಹೋಗಬೇಕು. ಏಜೆಂಟನಿಗೆ ಎಷ್ಟು ಕಮಿಷನ್ ಕೊಟ್ಟರೆ ಅವನ ಹೊಟ್ಟೆ ತುಂಬುತ್ತದೆ? ಅಷ್ಟು ಕೊಟ್ಟ ಮೇಲೆ ಠೇವಣಿದಾರನಿಗೆ ಬಡ್ಡಿ ಎಲ್ಲಿಂದ? ದಿನಕ್ಕೆ ಎಷ್ಟು ಮನೆ ಸುತ್ತಬಹುದು ಒಬ್ಬ ಮನುಷ್ಯ? ಈ ಲೆಕ್ಕಕ್ಕೆ ಇಳಿದ ಹುಡುಗನಿಗೆ ಆ ತೀರ್ಮಾನ ಎಷ್ಟು ಧೈರ್ಯದ್ದು ಅಂತ ತಾನಾಗಿಯೇ ಗೊತ್ತಾಗುತ್ತದೆ. ನೀವು "ದೂರದೃಷ್ಟಿ" ಅನ್ನುವ ಪದವನ್ನೇ ಬಳಸಬೇಕಾಗಿಲ್ಲ.

ಕ್ಯಾಂಪ್ಕೊ ಕೂಡ ಹಾಗೆಯೇ. ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ. ಆಮೇಲೆ ಕೋಕೋ ಖರೀದಿಗೂ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಮಕ್ಕಳನ್ನು ಕಾರ್ಖಾನೆಯ ಉದ್ಘಾಟನೆಗೆ ಕರೆದುಕೊಂಡು ಹೋಗಬೇಡಿ. ಅದಕ್ಕಿಂತ ಮೊದಲಿನ ಸಭೆಯಲ್ಲಿ ಕೂರಿಸಿ. ಅಡಿಕೆಯವರ ಹಣ ಹಾಕಿ ಚಾಕೊಲೇಟ್ ಮಾಡುವುದಾ, ಬೇಡವಾ?

ಇನ್ನೂ ಹತ್ತಿರದ್ದು ಬೇಕಾ? 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ ಸೇರಿತು. ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ ಸೇರಿತು. ನಿಮ್ಮ ಮಕ್ಕಳ ಮನೆಯಲ್ಲಿ ಹಳೆಯ ಪಾಸ್‌ಬುಕ್ ಇನ್ನೂ ಇರುತ್ತದೆ. ಒಂದೇ ಪೇಟೆಯಲ್ಲಿ ಹತ್ತಿರ ಹತ್ತಿರ ಎರಡು ಶಾಖೆ ಉಳಿದರೆ ಯಾವುದನ್ನು ಇಟ್ಟುಕೊಳ್ಳಬೇಕು? ಬಾಡಿಗೆ ಕಮ್ಮಿ ಇರುವುದನ್ನಾ, ಪಿಂಚಣಿದಾರರು ಜಾಸ್ತಿ ಬರುವುದನ್ನಾ, ಲಾಕರ್ ಇರುವುದನ್ನಾ? ಅಂಕಿಗಳನ್ನು ನೀವೇ ಹಾಕಿ, ಊರಿನ ಹೆಸರು ಬಿಡಿ. ಅರ್ಧ ಪುಟದ ಕೇಸ್ ಆಯಿತು.

ಈಗ ಲಲಿತಕ್ಕನ ಕೇಸ್‌ಗೆ ಬರುತ್ತೇನೆ. ನಾನಾದರೆ ಹೀಗೆ ಬರೆಯುತ್ತಿದ್ದೆ. ಅಟ್ಟೆ ಅಂದರೆ ಕಟ್ಟಿದ ಮಲ್ಲಿಗೆ ಮಾರುವ ಅಳತೆ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಂಕಿಗಳು ಲೆಕ್ಕಕ್ಕಾಗಿ ನಾನು ಹಾಕಿಕೊಂಡವು. ನಿಮ್ಮ ನೆರೆಯವರನ್ನು ಕೇಳಿ ಸರಿ ಮಾಡಿಕೊಳ್ಳಿ.

"ಶಂಕರಪುರದ ಲಲಿತಕ್ಕ ಶುಕ್ರವಾರದೊಳಗೆ ಉತ್ತರ ಹೇಳಬೇಕು. ಮಂಗಳೂರಿನ ಹೂವಿನಂಗಡಿಯವರು ವರ್ಷಪೂರ್ತಿ ಅಟ್ಟೆಗೆ 600 ರೂಪಾಯಿ ಕೊಡುತ್ತೇವೆ ಎಂದಿದ್ದಾರೆ. ಷರತ್ತು ಒಂದೇ: ಪ್ರತಿದಿನ ಒಂದು ಅಟ್ಟೆ ತಪ್ಪದೆ ಬರಬೇಕು. ತೋಟದಲ್ಲಿ ಹೂ ಕಮ್ಮಿಯಾದ ದಿನ ಹೊರಗಿನಿಂದ ಕೊಂಡಾದರೂ ಕೊಡಬೇಕು. ಹಣ ತಿಂಗಳ ಕೊನೆಗೆ.

ಈಗ ಅವರು ಎಲ್ಲ ಹೂವನ್ನೂ ಕಟ್ಟೆಯ ಏಜೆಂಟರಿಗೆ ಕೊಡುತ್ತಾರೆ. ದರ ದಿನಾ ಬದಲಾಗುತ್ತದೆ. ಮಳೆಗಾಲದ ನಾಲ್ಕು ತಿಂಗಳು ದಿನಕ್ಕೆ ಅರ್ಧ ಅಟ್ಟೆ ಸಿಗುತ್ತದೆ, ಸರಾಸರಿ ದರ 900. ಚಳಿಗಾಲದ ನಾಲ್ಕು ತಿಂಗಳು ದಿನಕ್ಕೆ ಒಂದು ಅಟ್ಟೆ, ದರ 600. ಬೇಸಿಗೆಯ ನಾಲ್ಕು ತಿಂಗಳು ದಿನಕ್ಕೆ ಮೂರು ಅಟ್ಟೆ, ದರ 250. ಏಜೆಂಟರು ಹೋದ ವರ್ಷ ಮಗಳ ಫೀಸಿಗೆ ಬಡ್ಡಿಯಿಲ್ಲದೆ 20,000 ಮುಂಗಡ ಕೊಟ್ಟಿದ್ದರು. ಅದು ತೀರಿದೆ. ಜೂನ್‌ನಲ್ಲಿ ಮತ್ತೆ ಫೀಸು ಕಟ್ಟಬೇಕು. ಲಲಿತಕ್ಕ ಒಪ್ಪಬೇಕೇ?"

ಇಷ್ಟೇ. ಇದರಲ್ಲಿ ಬಡತನವೂ ಇಲ್ಲ, ಹೆಮ್ಮೆಯೂ ಇಲ್ಲ. ಓದುವವರಿಗೆ ಅವೆರಡೂ ಲೆಕ್ಕದಿಂದಲೇ ಕಾಣಬೇಕು.

ತಿಂಗಳಿಗೆ 30 ದಿನ ಅಂತ ಹಿಡಿಯಿರಿ. ಈಗಿನ ಆದಾಯ: ಮಳೆಗಾಲದಲ್ಲಿ ದಿನಕ್ಕೆ 450, ಚಳಿಗಾಲದಲ್ಲಿ 600, ಬೇಸಿಗೆಯಲ್ಲಿ 750. ಒಟ್ಟು 1,800. ಅದನ್ನು 120 ದಿನದಿಂದ ಗುಣಿಸಿದರೆ ವರ್ಷಕ್ಕೆ 2,16,000. ಒಪ್ಪಂದ ಆದರೆ: ಮಳೆಗಾಲದಲ್ಲಿ 600 ಬರುತ್ತದೆ, ಆದರೆ ಅರ್ಧ ಅಟ್ಟೆ ಕೊಳ್ಳಲು 450 ಹೋಗುತ್ತದೆ, ಉಳಿಯುವುದು 150. ಚಳಿಗಾಲದಲ್ಲಿ 600. ಬೇಸಿಗೆಯಲ್ಲಿ ಅಂಗಡಿಯಿಂದ 600, ಉಳಿದ ಎರಡು ಅಟ್ಟೆ ಕಟ್ಟೆಗೆ ಹಾಕಿದರೆ 500, ಸೇರಿ 1,100. ಒಟ್ಟು 1,850. ವರ್ಷಕ್ಕೆ 2,22,000.

ವ್ಯತ್ಯಾಸ ಬರೀ 6,000. ನಾನು ಬೇಕೆಂದೇ ಹೀಗೆ ಹತ್ತಿರ ತಂದಿದ್ದೇನೆ. 60,000 ವ್ಯತ್ಯಾಸ ಇದ್ದರೆ ತರಗತಿಯಲ್ಲಿ ಮಾತೇ ಹುಟ್ಟುವುದಿಲ್ಲ, ಎಲ್ಲರೂ ಒಂದೇ ಕಡೆ ಹೋಗುತ್ತಾರೆ. ಲೆಕ್ಕ ಎರಡೂ ಕಡೆಗೆ ತೂಗಿದಾಗಲೇ ಮಕ್ಕಳು ಉಳಿದದ್ದನ್ನು ನೋಡಲು ಶುರು ಮಾಡುತ್ತಾರೆ: ಮಳೆಗಾಲದಲ್ಲಿ ಕೈಗೆ ಬರುವ ಹಣ 450ರಿಂದ 150ಕ್ಕೆ ಇಳಿಯುತ್ತದೆ, ಫೀಸು ಕಟ್ಟಬೇಕಾದ ಜೂನ್ ತಿಂಗಳೂ ಅದರಲ್ಲೇ ಬರುತ್ತದೆ. ಹೂ ಕೊಳ್ಳಲು ದಿನಾ ನಗದು ಬೇಕು, ಅಂಗಡಿಯ ಹಣ ತಿಂಗಳ ಕೊನೆಗೆ. 900 ಅನ್ನುವುದು ಸರಾಸರಿ ಮಾತ್ರ, ಮದುವೆ ಮುಹೂರ್ತ ಇರುವ ದಿನ ಎಲ್ಲಿಗೆ ಏರುತ್ತದೋ ಗೊತ್ತಿಲ್ಲ. ಬೇಸಿಗೆಯ ನಾಲ್ಕು ತಿಂಗಳು ಮಾತ್ರ ಒಪ್ಪಂದ ಮಾಡಿದರೆ? ಕೊನೆಯ ಪ್ರಶ್ನೆಯನ್ನು ಯಾರಾದರೂ ಒಬ್ಬ ಹುಡುಗಿ ಕೇಳಿಯೇ ಕೇಳುತ್ತಾಳೆ, ನೋಡಿ.

ಬರೆದ ಮೇಲೆ ಇಬ್ಬರು ಸಹೋದ್ಯೋಗಿಗಳಿಗೆ ಬೇರೆ ಬೇರೆಯಾಗಿ ಕೊಡಿ. ಇಬ್ಬರೂ ಓದಿದ ಕೂಡಲೇ ಒಂದೇ ಉತ್ತರ ಹೇಳಿದರೆ ಅದು ಲೆಕ್ಕದ ಅಭ್ಯಾಸ, ಕೇಸ್ ಅಲ್ಲ. ಏನಾದರೂ ಒಂದು ಅಂಕಿ ಬದಲಿಸಿ ಮತ್ತೆ ನೋಡಿ.

ಹೆಸರಿನ ವಿಷಯ. ನೀವು ಖುದ್ದಾಗಿ ಹೋಗಿ ಮಾತಾಡಿಸಿ ಬರೆದದ್ದಾದರೆ ಬರೆದದ್ದನ್ನು ಅವರಿಗೆ ಓದಿ ಹೇಳಿ, ಒಪ್ಪಿಗೆ ಕೇಳಿ. ಹೆಸರು, ಊರು ಬದಲಿಸಿ. ರೂಪಾಯಿಯ ಅಂಕಿಗಳನ್ನೆಲ್ಲ ಒಂದೇ ಸಂಖ್ಯೆಯಿಂದ ಗುಣಿಸಿಬಿಡಿ, ಉದಾಹರಣೆಗೆ 1.3ರಿಂದ. ಯಾವುದು ಲಾಭ, ಯಾವುದು ನಷ್ಟ ಅನ್ನುವುದು ಬದಲಾಗುವುದಿಲ್ಲ, ಅವರ ಮನೆಯ ಆದಾಯ ಮಾತ್ರ ಊರಿಗೆಲ್ಲ ತಿಳಿಯುವುದಿಲ್ಲ. ನಮ್ಮದು ಸಣ್ಣ ಊರು, ಯಾರ ಮನೆಯ ವಿಷಯ ಅಂತ ಮಕ್ಕಳು ಬೇಗ ಗುರುತು ಹಿಡಿಯುತ್ತಾರೆ. ಪತ್ರಿಕೆಯಲ್ಲಿ, ವರದಿಯಲ್ಲಿ ಬಂದ ಸಂಗತಿಗಾದರೆ ನಿಜ ಹೆಸರು ಹಾಕಬಹುದು, ಆದರೆ ಯಾರೂ ಹೇಳದ ಮಾತನ್ನು ಅವರ ಬಾಯಿಗೆ ಹಾಕಬೇಡಿ.

ಪ್ರಶ್ನೆ ಒಂದೇ ಸಾಕು: ಒಪ್ಪಬೇಕೇ, ಬೇಡವೇ, ಅಥವಾ ಬೇರೆ ಏನು ಹೇಳಬೇಕು? ಹತ್ತು ಅಂಕದಲ್ಲಿ ನಾನು ನಾಲ್ಕು ಅಂಕ ಲೆಕ್ಕಕ್ಕೆ ಇಡುತ್ತಿದ್ದೆ. ಮೂರು ಅಂಕ ಆ ಲೆಕ್ಕದಿಂದ ತೀರ್ಮಾನಕ್ಕೆ ಬಂದ ದಾರಿಗೆ. ಉಳಿದ ಮೂರು ಅಂಕ, ತನ್ನ ತೀರ್ಮಾನದ ವಿರುದ್ಧ ಇರುವ ಅತಿ ಗಟ್ಟಿ ವಾದವನ್ನು ತಾನೇ ಬರೆದು ಅದಕ್ಕೆ ಉತ್ತರ ಕೊಟ್ಟವರಿಗೆ. ಯಾವ ಕಡೆ ತೀರ್ಮಾನಿಸಿದರು ಅನ್ನುವುದಕ್ಕೆ ಅಂಕ ಇಲ್ಲ. ಇದನ್ನು ಮೊದಲ ದಿನವೇ ಅವರಿಗೆ ಹೇಳಿಬಿಡಿ. ಇಲ್ಲದಿದ್ದರೆ ಟೀಚರ್ ಮನಸ್ಸಿನಲ್ಲಿ ಏನಿದೆ ಅಂತ ಊಹಿಸುವುದರಲ್ಲೇ ಪೀರಿಯಡ್ ಮುಗಿಯುತ್ತದೆ.

---

ಹೂವಿನ ಬುಟ್ಟಿ ಬರೆದದ್ದು:

ನಾನು ಮೇಷ್ಟ್ರಲ್ಲ. ಮಂಗಳೂರಿನಲ್ಲಿ ಹೂವಿನ ವ್ಯಾಪಾರ ಮಾಡುವವನು. ಇದನ್ನು ಓದಿ ಖುಷಿಯಾಯಿತು, ಕಾಲೇಜಿನಲ್ಲಿ ನಮ್ಮ ವಿಷಯ ಮಾತಾಡುತ್ತಾರಲ್ಲ ಅಂತ. ಆದರೆ ಎರಡು ಮಾತು ಹೇಳಲೇಬೇಕು.

ಒಂದು, ಮಾರುವ ದರಕ್ಕೇ ಕೊಳ್ಳಲು ಸಿಗುವುದಿಲ್ಲ ಮಾರಾಯ್ರೆ. ಬೆಳೆಗಾರರಿಗೆ 900 ಸಿಗುವ ದಿನ ಅದೇ ಹೂ ಕೊಳ್ಳಲು ಹೋದರೆ 1,000 ಅಂತ ಇಟ್ಟುಕೊಳ್ಳಿ. ಮಧ್ಯದವರ ಖರ್ಚು, ಲಾಭ ಉಂಟಲ್ಲ. ಅರ್ಧ ಅಟ್ಟೆಗೆ ದಿನಕ್ಕೆ 50 ಜಾಸ್ತಿ. 120 ದಿನಕ್ಕೆ 6,000. ಮೇಷ್ಟ್ರು ತೋರಿಸಿದ ಲಾಭ ಪೂರ್ತಿ ಅಲ್ಲಿಗೇ ಹೋಯಿತು.

ಎರಡು, ಏಜೆಂಟರ ಕಡೆಯಿಂದ ನೋಡಿ. ಮಳೆಗಾಲದಲ್ಲಿ ಅವರಿಗೆ ಹೂ ಬೇಕೇ ಬೇಕು, ಆಗ ಲಲಿತಕ್ಕ ಒಂದು ಚೆಂಡೂ ಕೊಡುವುದಿಲ್ಲ. ಮೇಲಿಂದ ಕಟ್ಟೆಯಲ್ಲಿ ತಾವೇ ಕೊಳ್ಳಲು ನಿಲ್ಲುತ್ತಾರೆ. ಚಳಿಗಾಲದಲ್ಲೂ ಎಲ್ಲ ಅಂಗಡಿಗೆ. ಬೇಸಿಗೆಯಲ್ಲಿ ದರ ಬಿದ್ದಾಗ ದಿನಾ ಎರಡು ಅಟ್ಟೆ ತಂದು ಹಾಕುತ್ತಾರೆ. ಯಾರು ಸಂತೋಷದಿಂದ ತೆಗೆದುಕೊಳ್ಳುತ್ತಾರೆ? ಮುಂಗಡದ ಮಾತಂತೂ ಮುಗಿಯಿತು. ಮಲ್ಲಿಗೆ ನಾಳೆಗೆ ಇಟ್ಟು ಮಾರುವ ಸಾಮಾನಲ್ಲ. ಹಾಗಾಗಿ ಇಲ್ಲಿ ದರಕ್ಕಿಂತ, ಇವತ್ತು ತೆಗೆದುಕೊಳ್ಳುವವರು ಯಾರಾದರೂ ಇದ್ದಾರಾ ಅನ್ನುವುದೇ ದೊಡ್ಡದು.

ಅಂಗಡಿಯವನ ಕಷ್ಟವನ್ನೂ ಒಂದು ಸಾಲು ಬರೆಯಿರಿ. ನಮಗೆ ಮದುವೆ ಆರ್ಡರ್ ಇರುತ್ತದೆ, ಗಿರಾಕಿಗೆ ಮೊದಲೇ ದರ ಹೇಳಿರುತ್ತೇವೆ, ಆ ದಿನ ಕಟ್ಟೆಯಲ್ಲಿ ಏರಿದರೆ ಕೈಯಿಂದ ಹೋಗುತ್ತದೆ. ಅದಕ್ಕೇ ನಿಶ್ಚಿತ ದರ ಕೇಳುವುದು. ಅಂಗಡಿಯವನು ಮೋಸಗಾರ ಅಂತ ಮಕ್ಕಳು ತಿಳಿಯಬಾರದು.

---

ಜೆಪ್ಪು ಮೇಷ್ಟ್ರು ಬರೆದದ್ದು:

ಬುಟ್ಟಿಯವರೇ, ಬಹಳ ಉಪಕಾರ. ನೀವು ಹೇಳಿದ ಮೇಲೆ ಲೆಕ್ಕ ಮತ್ತೆ ಮಾಡಿದೆ. ಕೊಳ್ಳುವ ದರ 900 ಆದರೆ ಎರಡೂ ಕಡೆ ಸಮ ಆಗುವ ಒಪ್ಪಂದದ ದರ ಸುಮಾರು 583 ರೂಪಾಯಿ. ಕೊಳ್ಳುವ ದರ 1,000 ಆದರೆ ಸರಿಯಾಗಿ 600. ಅಂದರೆ ಅಂಗಡಿಯವರು ಕೊಡುತ್ತೇವೆ ಅಂದ ದರದಲ್ಲೇ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಟೀಚರ್, ಈ ಕೊಳ್ಳುವ ದರವನ್ನು ಕೇಸ್‌ನಲ್ಲಿ ಬರೆಯಬೇಡಿ. "ಹೊರಗಿನಿಂದ ಕೊಂಡಾದರೂ" ಅಂತ ಬಿಟ್ಟುಬಿಡಿ. ನಿಮ್ಮ ತರಗತಿಯಲ್ಲಿ ಹೂ ಕಟ್ಟುವ ಮನೆಯ ಮಗು ಒಂದಾದರೂ ಇರುತ್ತದೆ. ಅದು ಎದ್ದು ನಿಂತು "ಆ ದರಕ್ಕೆ ಸಿಗುವುದಿಲ್ಲ ಮ್ಯಾಮ್" ಅನ್ನಲಿ. ಯಾವಾಗಲೂ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂರುವ ಮಗು ಅವತ್ತು ತರಗತಿಗೆ ಪಾಠ ಮಾಡುತ್ತದೆ. ನಮ್ಮ ಊರಿನ ಕೇಸ್ ಬರೆಯಬೇಕು ಅಂತ ನಾನು ಇಷ್ಟು ಹಟ ಹಿಡಿಯುವುದು ಇದಕ್ಕೇ.

---

ಹಂಪನಕಟ್ಟೆ ಹುಡುಗ ಬರೆದದ್ದು:

ಮಂಗಳೂರಿನಲ್ಲಿ ಬಿಬಿಎ ಮುಗಿಸಿ ಈಗ ಒಬ್ಬರು ಆಡಿಟರ ಹತ್ತಿರ ಕೆಲಸಕ್ಕಿದ್ದೇನೆ. ವಿದ್ಯಾರ್ಥಿ ಕಡೆಯಿಂದ ಹೇಳುತ್ತೇನೆ.

ಮನೆಗೆ ಕೊಟ್ಟರೆ ಚಾಟ್‌ಜಿಪಿಟಿಗೆ ಹಾಕುತ್ತಾರೆ, ಅದು ಖಂಡಿತ. ತಡೆಯಲು ಹೋಗಬೇಡಿ, ಕೇಸ್‌ನ ಆಕಾರ ಬದಲಿಸಿ. ರಿಜಿಸ್ಟರ್ ನಂಬರಿನ ಕೊನೆಯ ಅಂಕಿ ನೋಡಿ ಕೆಲವರಿಗೆ 550, ಕೆಲವರಿಗೆ 600, ಕೆಲವರಿಗೆ 650 ದರ ಕೊಡಿ. ಮೇಷ್ಟ್ರ ಲೆಕ್ಕದಲ್ಲೇ 550ಕ್ಕೆ ವರ್ಷಕ್ಕೆ 12,000 ನಷ್ಟ, 650ಕ್ಕೆ 24,000 ಲಾಭ. ಪಕ್ಕದವನದ್ದು ನೋಡಿ ಬರೆದರೆ ಗೊತ್ತಾಗುತ್ತದೆ. ಆಮೇಲೆ ಪೀರಿಯಡ್ ಅರ್ಧವಾದಾಗ ಬೋರ್ಡಿನ ಮೇಲೆ ಒಂದು ಹೊಸ ಸಾಲು ಬರೆಯಿರಿ: "ಗುರುವಾರ ಏಜೆಂಟರು ಫೋನ್ ಮಾಡಿದರು. ಜೂನ್ ಫೀಸಿಗೆ ಮುಂಗಡ ಬೇಕಾದರೆ ಈಗಲೇ ಹೇಳಿ ಅಂದರು." ಎಲ್ಲರೂ ತಮ್ಮ ಉತ್ತರ ಮತ್ತೆ ನೋಡಬೇಕಾಗುತ್ತದೆ. ಕೊನೆಯ ಹದಿನೈದು ನಿಮಿಷ ಅಲ್ಲೇ ಕೂತು ಕೈಯಲ್ಲಿ ಬರೆಯಲಿ.

ಇನ್ನೊಂದು. ಚರ್ಚೆ ತುಳುವಿನಲ್ಲಿ, ಕನ್ನಡದಲ್ಲಿ, ಕೊಂಕಣಿಯಲ್ಲಿ ಆಗಲಿ, ಬಿಡಿ. ಉತ್ತರ ಇಂಗ್ಲಿಷಿನಲ್ಲಿ ಬರೆಯುತ್ತೇವೆ, ಪರೀಕ್ಷೆಗೆ ಅದು ಬೇಕು. ಆದರೆ ಇಂಗ್ಲಿಷಿನಲ್ಲೇ ಮಾತಾಡಿ ಅಂದರೆ ಕಾನ್ವೆಂಟಿನಿಂದ ಬಂದ ನಾಲ್ಕು ಜನ ಮಾತ್ರ ಮಾತಾಡುತ್ತಾರೆ. ಬೋಟಿನವರ ಮಗನಿಗೆ ಎಲ್ಲ ಗೊತ್ತಿದ್ದರೂ ಬಾಯಿ ಬಿಡುವುದಿಲ್ಲ. ನಾನು ಮೂರು ವರ್ಷ ಅದನ್ನೇ ನೋಡಿದೆ, ಬೇಸರ ಆಗುತ್ತಿತ್ತು.

ಮುಂದಿನ ಕೇಸ್‌ಗೆ ಮಲ್ಪೆಯ ಐಸ್ ಪ್ಲಾಂಟ್ ಇಟ್ಟುಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆ 61 ದಿನವೂ ಸಾಲದ ಕಂತು ಇದೆ, ಕರೆಂಟಿನ ಕನಿಷ್ಠ ಶುಲ್ಕ ಇದೆ. ಕೆಲಸಗಾರರನ್ನು ಊರಿಗೆ ಕಳುಹಿಸಿದರೆ ಆಗಸ್ಟ್‌ನಲ್ಲಿ ವಾಪಸ್ ಬರುತ್ತಾರೋ ಇಲ್ಲವೋ. ಇಟ್ಟುಕೊಂಡರೆ ಸಂಬಳ ಕೊಡಬೇಕು. ಸ್ಥಿರ ವೆಚ್ಚ ಅಂದರೆ ಏನು ಅಂತ ನನಗೆ ಅರ್ಥವಾದದ್ದು ಆ ಪ್ಲಾಂಟ್ ಇರುವ ನನ್ನ ಗೆಳೆಯನ ಮನೆಯಲ್ಲಿ, ಪುಸ್ತಕದಲ್ಲಿ ಅಲ್ಲ.

---

ಕಟಪಾಡಿ ಟೀಚರ್ ಬರೆದದ್ದು:

ಮೂವರಿಗೂ ತುಂಬಾ ಧನ್ಯವಾದ. ಇವತ್ತು ಸಂಜೆ ನೆರೆಯವರ ಮನೆಗೆ ಹೋಗಿ ಮೇಷ್ಟ್ರು ಬರೆದ ಕೇಸನ್ನು ಓದಿ ಹೇಳಿದೆ. ಹೂ ಕಟ್ಟುತ್ತಲೇ ಕೇಳಿಸಿಕೊಂಡರು. ಬೇಸಿಗೆಯಲ್ಲಿ ಮೂರು ಅಟ್ಟೆ ಜಾಸ್ತಿಯಾಯಿತು, ಎರಡೂವರೆ ಹಾಕಿ ಅಂದರು. ಹೂ ಕಟ್ಟಲು ಬರುವ ಹುಡುಗಿಗೆ ಕೊಡುವ ಕೂಲಿ ಎಲ್ಲಿ ಅಂತ ಕೇಳಿದರು. ಅದನ್ನು ಸೇರಿಸುತ್ತೇನೆ. ಕೂಲಿ ಎರಡೂ ಕಡೆ ಒಂದೇ ಆದ್ದರಿಂದ ತೀರ್ಮಾನಕ್ಕೆ ಅದು ಬೇಕಾಗಿಲ್ಲ ಅಂತ ಮಕ್ಕಳು ತಾವೇ ಕಂಡುಕೊಳ್ಳಲಿ. ಬಿಟ್ಟುಬಿಡಬೇಕಾದ ವೆಚ್ಚ ಯಾವುದು ಅಂತ ಕಲಿಸಲು ಅದೂ ಒಂದು ದಾರಿ, ಅಲ್ವಾ?

ಎರಡೂವರೆ ಹಾಕಿದರೆ ಈಗಿನ ಆದಾಯವೂ ಕಮ್ಮಿಯಾಗುತ್ತದೆ, ಒಪ್ಪಂದದ್ದೂ ಅಷ್ಟೇ ಕಮ್ಮಿಯಾಗುತ್ತದೆ. ವ್ಯತ್ಯಾಸ ಮತ್ತೆ 6,000ವೇ. ಯಾಕೆ ಹಾಗೆ ಅಂತ ಅದನ್ನೂ ಒಂದು ಪ್ರಶ್ನೆಯಾಗಿ ಮಾತಿನಲ್ಲಿ ಕೇಳುತ್ತೇನೆ.

ಒಂದು ಸಂಶಯ ಉಳಿದಿದೆ. ಕೊನೆಗೆ ಮಕ್ಕಳು "ಲಲಿತಕ್ಕ ನಿಜವಾಗಿ ಏನು ಮಾಡಿದರು" ಅಂತ ಕೇಳುತ್ತಾರೆ. ನಮ್ಮ ನೆರೆಯವರು ಇನ್ನೂ ತೀರ್ಮಾನ ಮಾಡಿಲ್ಲ. ನವರಾತ್ರಿ ಕಳೆಯಲಿ ಅಂದಿದ್ದಾರೆ. ಏನು ಹೇಳಲಿ?

---

ಜೆಪ್ಪು ಮೇಷ್ಟ್ರು ಬರೆದದ್ದು:

ತೀರ್ಮಾನ ಆಗಿಲ್ಲ ಅಂತಲೇ ಹೇಳಿ. ಆಗಿದ್ದರೂ ಉತ್ತರ ಪತ್ರಿಕೆ ನಿಮ್ಮ ಕೈಗೆ ಬರುವವರೆಗೆ ಹೇಳಬಾರದು. ಅವರು ಮಾಡಿದ್ದೇ ಸರಿ ಉತ್ತರ ಅಂತ ಮಕ್ಕಳು ತಿಳಿದುಬಿಡುತ್ತಾರೆ.

ನಿಮ್ಮ ನೆರೆಯವರು ಒಪ್ಪಿದರೆ ಇನ್ನೊಂದು ಕೆಲಸ ಮಾಡಿ. ಚೆನ್ನಾಗಿ ಬರೆದ ಎರಡು ಉತ್ತರ ಆರಿಸಿ, ಒಪ್ಪಬೇಕು ಅನ್ನುವುದು ಒಂದು, ಬೇಡ ಅನ್ನುವುದು ಇನ್ನೊಂದು. ಅದಕ್ಕೆ ಅವರ ನಿಜವಾದ ಅಂಕಿಗಳನ್ನು ನೀವೇ ಹಾಕಿ, ಕನ್ನಡದಲ್ಲಿ ಬರೆದು, ನವರಾತ್ರಿಗೆ ಮೊದಲು ಅವರ ಕೈಗೆ ಕೊಡಿ. ಬೇಸಿಗೆಗೆ ಮಾತ್ರ ಒಪ್ಪಂದ ಅನ್ನುವ ಉತ್ತರ ಯಾರಾದರೂ ಬರೆದರೆ ಅದನ್ನು ಬಿಡಬೇಡಿ. ಅಂಗಡಿಯವರು ಅದಕ್ಕೆ ಒಪ್ಪುತ್ತಾರೋ ಇಲ್ಲವೋ, ಬುಟ್ಟಿಯವರೇ ಹೇಳಬೇಕು.

---

ಹೂವಿನ ಬುಟ್ಟಿ ಬರೆದದ್ದು:

600ಕ್ಕೆ ಯಾರೂ ಒಪ್ಪಲಿಕ್ಕಿಲ್ಲ. ಬೇಸಿಗೆಯಲ್ಲಿ ಕಟ್ಟೆಯಲ್ಲೇ 250ಕ್ಕೆ ಸಿಗುವಾಗ ಅಷ್ಟು ಯಾಕೆ ಕೊಡುವುದು? 300, 325 ಅಂದರೆ ನಾನಾದರೆ ಮಾತಿಗೆ ಕೂರುತ್ತೇನೆ, ಯಾಕೆಂದರೆ ಏಪ್ರಿಲ್, ಮೇ ತಿಂಗಳಲ್ಲಿ ಮದುವೆ ಜಾಸ್ತಿ, ದಿನಾ ಹೂ ಖಂಡಿತ ಬರುತ್ತದೆ ಅನ್ನುವ ಧೈರ್ಯಕ್ಕೆ ಬೆಲೆ ಉಂಟು. ಆದರೆ ದಿನಕ್ಕೆ ಒಂದಲ್ಲ, ಎರಡು ಅಟ್ಟೆ ಕೇಳುತ್ತೇನೆ. ಅದನ್ನೂ ಲೆಕ್ಕಕ್ಕೆ ಹಾಕಿ ನೋಡಲು ಹೇಳಿ ಮಕ್ಕಳಿಗೆ.